ಕತ್ತರಿ, ಅಂಟು, ಒಂದು ನಕ್ಷೆ: ಓದುಗರ ಪ್ರಶ್ನೆಗಳಿಗೆ ಹಳೆಯ ಪ್ರೆಸ್ಸಿನವನ ಉತ್ತರ

ಕಳೆದ ಸಂಚಿಕೆಯಲ್ಲಿ ಕೈಯಲ್ಲೇ ಮಾಡುವ ಶುಭಾಶಯ ಪತ್ರಕ್ಕೆ ಒಂದು ನಕ್ಷೆ ಕೊಟ್ಟಿದ್ದೆ. ಆ ಸಂಚಿಕೆ ಸಿಗದವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ಒಂದು ತುಂಡನ್ನು ನಡುವೆ ಮಡಿಸಿದರೆ 10.5 ಸೆಂ.ಮೀ. ಅಗಲ, 14.8 ಸೆಂ.ಮೀ. ಎತ್ತರದ ಕಾರ್ಡ್ ಆಗುತ್ತದೆ. ಅದರ ಮುಖದ ಮೇಲೆ, ಕೆಳಗಿನಿಂದ 4 ಸೆಂ.ಮೀ. ಬಿಟ್ಟು, ಅಂಚಿನಿಂದ ಅಂಚಿಗೆ 4 ಸೆಂ.ಮೀ. ಎತ್ತರದ ಒಂದು ಪಟ್ಟಿ. ಪಟ್ಟಿಯ ಮೇಲೆ, ಎಡಕ್ಕೆ 1 ಸೆಂ.ಮೀ. ಬಿಟ್ಟು, 5 ಸೆಂ.ಮೀ.ಯ ಒಂದು ಚೌಕ. ಅದು ಮೇಲೂ ಕೆಳಗೂ ಅರ್ಧರ್ಧ ಸೆಂಟಿಮೀಟರ್ ಪಟ್ಟಿಯಿಂದ ಹೊರಗೆ ಇಣುಕುತ್ತದೆ. ಚೌಕದ ಬಲಕ್ಕೆ ಹಾರೈಕೆಯ ಮಾತಿಗೆ 3.5 ಸೆಂ.ಮೀ. ಜಾಗ, ಆಮೇಲೆ ಅರ್ಧ ಸೆಂ.ಮೀ. ಅಂಚು. ಪಟ್ಟಿಯ ಕೆಳಗೆ, ಬಲಮೂಲೆಯಲ್ಲಿ, ಮೂರು ಪುಟ್ಟ ವೃತ್ತಗಳು. ಮೇಲಿನ ಭಾಗವೆಲ್ಲ ಖಾಲಿ.

ಇಷ್ಟು ಕೊಟ್ಟಿದ್ದಕ್ಕೆ ಒಂದು ಚೀಲದಷ್ಟು ಪತ್ರಗಳು ಬಂದಿವೆ. ಅರ್ಧದಷ್ಟು ಪತ್ರಗಳಲ್ಲಿ ಹೊಗಳಿಕೆ ಇದೆ, ಅವನ್ನು ಹೆಂಡತಿಗೆ ಓದಿ ಹೇಳಿದ್ದೇನೆ. ಉಳಿದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಆರನೆಯ ತರಗತಿಯ 32 ಮಕ್ಕಳಿಗೆ ನಿಮ್ಮ ನಕ್ಷೆಯನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದೆ. 32 ಕಾರ್ಡುಗಳೂ ಒಂದೇ ಅಚ್ಚಿನಿಂದ ತೆಗೆದಂತೆ ಬಂದವು. ಎಲ್ಲದರಲ್ಲೂ ಚೌಕದೊಳಗೆ ಹೂವು, ವೃತ್ತಗಳಿಗೆ ಕೆಂಪು ಬಣ್ಣ. ನಕ್ಷೆ ಕೊಟ್ಟು ಮಕ್ಕಳ ಕಲ್ಪನೆಗೆ ನಾನೇ ಕಡಿವಾಣ ಹಾಕಿದೆನೇ?
— ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ತಪ್ಪು ನಕ್ಷೆಯದಲ್ಲ ಮೇಡಂ, ಹಲಗೆಯದು. ಉದಾಹರಣೆಗೆ ಇರಲಿ ಎಂದು ನೀವು ಚೌಕದೊಳಗೆ ಒಂದು ಹೂವು ಬರೆದು ತೋರಿಸಿರುತ್ತೀರಿ, ಕೈಗೆ ಸಿಕ್ಕ ಕೆಂಪು ಸೀಮೆಸುಣ್ಣದಿಂದ ವೃತ್ತ ತುಂಬಿರುತ್ತೀರಿ. ಹಲಗೆಯ ಮೇಲಿದ್ದದ್ದನ್ನು ಒಂದು ಅಕ್ಷರವೂ ತಪ್ಪದಂತೆ ಪುಸ್ತಕಕ್ಕೆ ಇಳಿಸಬೇಕೆಂದು ಒಂದನೆಯ ತರಗತಿಯಿಂದ ಹೇಳಿಕೊಟ್ಟವರು ನಾವೇ ತಾನೇ? ಮಕ್ಕಳು ಹೇಳಿದ ಮಾತು ಕೇಳಿದ್ದಾರೆ.

ನಾನು 1983ರಲ್ಲಿ ದಾವಣಗೆರೆಯ ಒಂದು ಸಣ್ಣ ಪ್ರೆಸ್ಸಿಗೆ ಮೊಳೆ, ಅಂದರೆ ಸೀಸದ ಅಚ್ಚಿನ ಅಕ್ಷರ, ಜೋಡಿಸುವ ಹುಡುಗನಾಗಿ ಸೇರಿದೆ. ಲಗ್ನಪತ್ರಿಕೆ ಮಾಡಿಸಲು ಬಂದವರ ಎದುರಿಗೆ ನಮ್ಮ ಮಾಲೀಕರು ಒಂದು ರದ್ದಿ ಕಾಗದವನ್ನು ಎರಡಾಗಿ ಮಡಿಸಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನಾಲ್ಕು ಡಬ್ಬಿ ಬರೆಯುತ್ತಿದ್ದರು. ‘ಮೇಲೆ ಕುಲದೇವತೆ. ಇಲ್ಲಿ ಹುಡುಗ, ಇಲ್ಲಿ ಹುಡುಗಿ. ಈ ಕಡೆ ಮುಹೂರ್ತ, ಸ್ಥಳ. ಬಲಕ್ಕೆ ಕೆಳಗೆ ನಿಮ್ಮ ಸುಖಾಗಮನಾಭಿಲಾಷಿಗಳು.’ ಅದಕ್ಕೆ ಪ್ರೆಸ್ಸಿನಲ್ಲಿ ಡಮ್ಮಿ ಎನ್ನುತ್ತಿದ್ದೆವು. ಅದರಲ್ಲಿ ಒಂದು ಹೆಸರೂ ಇರುತ್ತಿರಲಿಲ್ಲ, ಒಂದು ಬಳ್ಳಿಯೂ ಇರುತ್ತಿರಲಿಲ್ಲ, ಬರೀ ಡಬ್ಬಿಗಳು. ಆ ಒಂದೇ ಡಮ್ಮಿಯಿಂದ ಒಂದು ಮದುವೆ ಸೀಸನ್ನಿನಲ್ಲಿ ನಲವತ್ತು ಲಗ್ನಪತ್ರಿಕೆ ಹೊರಬರುತ್ತಿದ್ದವು. ಒಬ್ಬರಾದರೂ ‘ಇದು ಪಕ್ಕದ ಮನೆಯವರದರಂತೆಯೇ ಇದೆ’ ಎಂದದ್ದನ್ನು ನಾನು ಕೇಳಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ತಮ್ಮ ಹೆಸರು ಸರಿಯಾಗಿದೆಯೇ ಎಂದು ಮಾತ್ರ.

ನಿಮ್ಮ ಹೆಣ್ಣುಮಕ್ಕಳಿಗೆ ಇದು ಗೊತ್ತಿರುವ ವಿಷಯವೇ. ಏಳರಿಂದ ನಾಲ್ಕಕ್ಕೆ ಇಳಿಯುವ ಚುಕ್ಕಿ ಇಟ್ಟುಕೊಟ್ಟರೆ ಒಬ್ಬಳು ಕಮಲ ತೆಗೆಯುತ್ತಾಳೆ, ಇನ್ನೊಬ್ಬಳು ನಕ್ಷತ್ರ ತೆಗೆಯುತ್ತಾಳೆ. ಚುಕ್ಕಿ ಜಾಗ ಹೇಳುತ್ತದೆ, ಎಳೆ ಕೈಗೆ ಬಿಟ್ಟದ್ದು. ಮುಂದಿನ ಸಲ ಹಲಗೆಯ ಮೇಲೆ ಡಬ್ಬಿಗಳನ್ನಷ್ಟೇ ಬರೆಯಿರಿ. ಚೌಕದೊಳಗೆ ‘ಮುಖ್ಯವಾದದ್ದು’ ಎಂದು ಬರೆಯಿರಿ, ವೃತ್ತಗಳಲ್ಲಿ ‘ಚಿಕ್ಕದು’ ಎಂದು ಬರೆಯಿರಿ. ಮಕ್ಕಳು ತಮ್ಮ ಕಾಗದದ ಮೇಲೆ ತೆಳುವಾಗಿ ಗುರುತು ಹಾಕಿಕೊಂಡ ಕೂಡಲೇ ಹಲಗೆ ಒರೆಸಿಬಿಡಿ. ಆಮೇಲೆ ಒಂದು ಸಾಲಿನವರು ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಲಿ. ಇನ್ನೊಂದು ಸಾಲಿನವರು ಕಾಲುಭಾಗ ತಿರುಗಿಸಲಿ. ಆಗ ಪಟ್ಟಿ ನೆಟ್ಟಗೆ ನಿಲ್ಲುತ್ತದೆ, ಮಡಿಕೆ ಮೇಲಕ್ಕೆ ಬರುತ್ತದೆ, ಕಾರ್ಡ್ ಮೇಜಿನ ಮೇಲೆ ಗುಡಿಸಲಿನಂತೆ ನಿಲ್ಲುತ್ತದೆ. ಮೂರನೆಯವರು ಮೂರು ವೃತ್ತದ ಬದಲು ಒಂದೇ ಒಂದು ಇಡಲಿ. ಹೂವು ಬೇಡವೆಂದು ಮಾತ್ರ ಹೇಳಬೇಡಿ. ಹೇಳಿದರೆ 32 ಚಿಟ್ಟೆಗಳು ಬರುತ್ತವೆ.

ದೊಡ್ಡ ಹಾಳೆ (56×71 ಸೆಂ.ಮೀ.) ತಂದು, ಒಂದಿಷ್ಟೂ ಹಾಳಾಗದಂತೆ ಹೊಂದಿಸಿ ಕತ್ತರಿಸಿ, ಹತ್ತು ಕಾರ್ಡ್ ಮಾಡಿದೆ. ಆರು ಚೆನ್ನಾಗಿ ಮಡಿದವು. ನಾಲ್ಕರ ಮಡಿಕೆ ಮಾತ್ರ ಬಿರಿದು ಬಿಳಿ ಗೆರೆ ಕಾಣುತ್ತಿದೆ. ಒಂದೇ ಹಾಳೆ, ಒಂದೇ ಕೈ, ಹೀಗೇಕೆ?
— ಓದುಗರು, ಗದಗ

ನಿಮ್ಮ ಜಾಣತನವೇ ಕಾರಣ. ಆ ಅಳತೆಯ ಹಾಳೆಯಲ್ಲಿ ಎಲ್ಲ ಕಾರ್ಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಿದರೆ ಒಂಬತ್ತಕ್ಕಿಂತ ಹೆಚ್ಚು ಬರುವುದಿಲ್ಲ. ಹತ್ತು ಬರಬೇಕಾದರೆ ಮೂರು ಮೂರರ ಎರಡು ಸಾಲು ಅಡ್ಡಕ್ಕೆ, ನಾಲ್ಕರ ಒಂದು ಸಾಲು ಉದ್ದಕ್ಕೆ ಹಾಕಬೇಕು. ನೀವು ಹಾಗೆಯೇ ಹಾಕಿದ್ದೀರಿ. ಬಿರಿದ ನಾಲ್ಕೂ ಆ ದಿಕ್ಕು ತಪ್ಪಿದ ಸಾಲಿನವು. ಗದಗಕ್ಕೆ ಬರದೆಯೇ ಹೇಳುತ್ತಿದ್ದೇನೆ.

ಗಿರಣಿಯಲ್ಲಿ ಕಾಗದವಾಗುವಾಗ ಅದರೊಳಗಿನ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಪ್ರೆಸ್ಸಿನವರು ಇದನ್ನು ಗ್ರೇನ್ ಎನ್ನುತ್ತಾರೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ಹೆಚ್ಚುಕಡಿಮೆ ನೇರವಾಗಿ ಬರುತ್ತದೆ. ಅಡ್ಡಕ್ಕೆ ಹರಿಯಿರಿ, ಸೊಟ್ಟ ಓಡುತ್ತದೆ. ಮಡಿಕೆ ನಾರಿನ ಗುಂಟ ಇದ್ದರೆ ನಾರುಗಳು ಪಕ್ಕಕ್ಕೆ ಸರಿದು ಜಾಗ ಕೊಡುತ್ತವೆ. ನಾರಿಗೆ ಅಡ್ಡವಾಗಿ ಮಡಿಸಿದರೆ ಅವು ಮುರಿಯುತ್ತವೆ. ಮೇಲೆ ಮಾತ್ರ ಬಣ್ಣವಿರುವ ಕಾಗದವಾದರೆ ಒಳಗಿನ ಬಿಳಿ ಹೊರಗೆ ಬರುತ್ತದೆ. ಕತ್ತರಿಸುವ ಮೊದಲು ಹಾಳೆಯನ್ನು ಮಡಿಸದೆ, ಎರಡು ಅಂಚುಗಳನ್ನು ಹತ್ತಿರ ತಂದು ಅಂಗೈಯಿಂದ ಮೆಲ್ಲಗೆ ಒತ್ತಿ. ಹಾಗೆಯೇ ಇನ್ನೊಂದು ದಿಕ್ಕಿಗೂ ಒತ್ತಿ. ಯಾವ ಕಡೆ ಕಡಿಮೆ ಹಟ ಮಾಡುತ್ತದೋ ಆ ಕಡೆಗೇ ಮಡಿಕೆ ಬರುವಂತೆ ಕತ್ತರಿಸಿ. ಒಂದು ಕಾರ್ಡ್ ಕಡಿಮೆಯಾಗುತ್ತದೆ, ಆಗಲಿ.

ಬಿರಿದ ನಾಲ್ಕನ್ನು ಎಸೆಯಬೇಡಿ. ಮಡಿಕೆಯಲ್ಲಿ ಎರಡಾಗಿ ಕತ್ತರಿಸಿದರೆ ಎಂಟು ಒಂಟಿ ಕಾರ್ಡುಗಳಾಗುತ್ತವೆ. ಇನ್ನು ಮುಂದೆ ಬರೀ ಕೈಯಿಂದ ಮಡಿಸಬೇಡಿ, ಮೊದಲು ಗೀರು ಹಾಕಿ. ಶಾಯಿ ಮುಗಿದ ಬಾಲ್‌ಪೆನ್ನಿಗಿಂತ ಒಳ್ಳೆಯ ಸಾಧನವಿಲ್ಲ. ಕಾರ್ಡಿನ ಅಡಿಗೆ ಹಳೆಯ ಪತ್ರಿಕೆಯ ನಾಲ್ಕು ಮಡಿಕೆ ಇಟ್ಟು, ಸ್ಟೀಲ್ ಸ್ಕೇಲ್ ಹಿಡಿದು, ಕಾರ್ಡಿನ ಹೊರಮೈ ಮೇಲೆ ಎರಡು ಸಲ ಒತ್ತಿ ಎಳೆಯಿರಿ. ಹಿಂದೆ ಒಂದು ಸಣ್ಣ ಉಬ್ಬು ಏಳುತ್ತದೆ. ಆ ಉಬ್ಬು ಒಳಗೆ ಹೋಗುವಂತೆ ಮಡಿಸಬೇಕು. ಬಹಳ ಮಂದಿ ತದ್ವಿರುದ್ಧ ಮಾಡುತ್ತಾರೆ, ಗೀರಿದ ಗೆರೆ ಒಳಗಿರಬೇಕೆಂದು ಕಣ್ಣಿಗೆ ತೋರುವುದೇ ಹಾಗೆ. ನಾನೂ ಮೊದಲ ವಾರ ಇನ್ನೂರು ಲಗ್ನಪತ್ರಿಕೆಗಳನ್ನು ಹಾಗೆಯೇ ಮಡಿಸಿ ಬೈಸಿಕೊಂಡಿದ್ದೇನೆ. ಕೊನೆಗೆ ಮಡಿಕೆಯ ಮೇಲೆ ಚಮಚದ ಬೆನ್ನಿನಿಂದ ಒಮ್ಮೆ ಉಜ್ಜಿ.

ಮನೆಯಲ್ಲಿ ಲಗ್ನಪತ್ರಿಕೆಗಳ ರಾಶಿ ಇದೆ. ಗಣಪತಿಯ ಚಿತ್ರವಿರುವುದರಿಂದ ಬಿಸಾಡಲು ಮನಸ್ಸು ಬರುವುದಿಲ್ಲ. ಕತ್ತರಿಸಿ ನಿಮ್ಮ ಚೌಕದಲ್ಲಿ ಅಂಟಿಸಬಹುದೇ? ಅಂಟಿಸಿದರೆ ಕಾರ್ಡ್ ಅಲೆ ಅಲೆಯಾಗುತ್ತದೆ, ಅದಕ್ಕೇನು ಮಾಡಬೇಕು?
— ಗೃಹಿಣಿ, ಹಾಸನ

ಧಾರಾಳವಾಗಿ ಅಂಟಿಸಿ. ಚಿತ್ರದ ಮೇಲೆ ಕತ್ತರಿ ಆಡದಂತೆ ಸುತ್ತ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು ಎನ್ನುವುದು ನಮ್ಮ ಮನೆಯಾಕೆಯ ಕಟ್ಟಳೆ. ವಿನ್ಯಾಸದ ದೃಷ್ಟಿಯಿಂದಲೂ ಅದೇ ಸರಿ, ಚಿತ್ರಕ್ಕೆ ಚೌಕಟ್ಟು ಸಿಗುತ್ತದೆ. ಅರಿಶಿನ ಕುಂಕುಮ ಹಚ್ಚಿದ ಮೂಲೆಗಳನ್ನು ಮಾತ್ರ ತೆಗೆದುಬಿಡಿ. ಅಂಟಿನ ತೇವ ತಾಗಿದರೆ ಅರಿಶಿನ ಹರಡಿ ಪಕ್ಕದ ಕಾರ್ಡಿಗೂ ಹತ್ತುತ್ತದೆ. ಬಂಗಾರದ ಬಣ್ಣದ ಅಂಚು ಇದ್ದರೆ ಅದನ್ನು ಉದ್ದಕ್ಕೆ ಕತ್ತರಿಸಿ ನಕ್ಷೆಯ ಪಟ್ಟಿಗೆ ಬಳಸಿ. ಗಣಪತಿಯೂ ಅಂಚೂ ಎರಡೂ ಒಂದೇ ಕಾರ್ಡಿನಲ್ಲಿ ಬೇಡ. ಮತ್ತೆ ಲಗ್ನಪತ್ರಿಕೆಯೇ ಆಗಿಬಿಡುತ್ತದೆ.

ಅಲೆಗೆ ಕಾರಣ ನೀರು. ಬಿಳಿ ಅಂಟಿನಲ್ಲಿ ನೀರಿದೆ, ನೀರು ಕುಡಿದ ನಾರು ಊದುತ್ತದೆ, ಒಣಗುವಾಗ ಮೊದಲಿದ್ದ ಜಾಗಕ್ಕೆ ಬರುವುದಿಲ್ಲ. ಅಂಟನ್ನು ಕಾರ್ಡಿಗೆ ಹಚ್ಚದೆ ಅಂಟಿಸುವ ತುಂಡಿಗೆ ಹಚ್ಚಿ, ಅದೂ ತೆಳುವಾಗಿ. ಹಳೆಯ ಫೋನ್ ಕಾರ್ಡಿನ ಅಂಚಿನಿಂದ ಎಳೆದರೆ ತೆಳುವಾಗುತ್ತದೆ. ಅಂಟಿಸಿದ ಮೇಲೆ ಒಣ ಕಾಗದ ಹೊದಿಸಿ, ಮೇಲೊಂದು ಭಾರವಾದ ಪುಸ್ತಕ ಇಟ್ಟು, ಬೆಳಗಿನವರೆಗೆ ಮುಟ್ಟಬೇಡಿ. ಬೆಳಗಿನವರೆಗೆ ಎಂದರೆ ಬೆಳಗಿನವರೆಗೆ. ನಡುವೆ ಎತ್ತಿ ನೋಡುವ ಚಪಲವಿದ್ದರೆ ಎರಡು ಬದಿಯ ಟೇಪ್ ತನ್ನಿ.

ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಹುಳು ಬರದಿರಲೆಂದು ಮೈಲುತುತ್ತ ಹಾಕುತ್ತಾರೆ. ಯಾರೋ ಹೇಳಿದರೆಂದು ನೀವೂ ಹಾಕಬೇಡಿ, ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬರೀ ಮೈದಾ ಸಾಕು, ಎರಡು ದಿನಕ್ಕೆ ಹಳಸಿದರೆ ಚೆಲ್ಲಿ.

ದಸರೆಗೆ ಬನ್ನಿಯನ್ನೇ ಕಾರ್ಡಿಗೆ ಅಂಟಿಸಿ ಕಳಿಸಿದ್ದೆ. ತಲುಪುವ ಹೊತ್ತಿಗೆ ಕಡ್ಡಿ ಮಾತ್ರ ಉಳಿದಿತ್ತಂತೆ.
— ವಿಜಯಪುರ

ಬನ್ನಿಯ ಎಲೆ ಒಂದು ಎಲೆಯಲ್ಲ, ಕಡ್ಡಿಗೆ ಕೂತ ಹತ್ತಾರು ಪುಟ್ಟ ಎಲೆಗಳು. ಒಣಗಿದಂತೆ ಒಂದೊಂದೇ ಕಳಚುತ್ತವೆ. ಅಂಟಿಸುವ ಗೋಜು ಬೇಡ. ಚೌಕದ ಜಾಗದಲ್ಲಿ ತೆಳು ಕಾಗದದ ಒಂದು ಜೇಬು ಮಾಡಿ, ಎಡ, ಬಲ, ಕೆಳಗೆ ಅಂಟಿಸಿ, ಬನ್ನಿಯನ್ನು ಒಳಗೆ ಹಾಕಿ, ಬಾಯಿಯನ್ನು ಮಡಿಸಿ. ಪಡೆದವರು ಕೈಗೆ ಸುರಿದುಕೊಳ್ಳಲಿ. ಬಂಗಾರ ಕೊಡುವುದು ಕೈಗೇ ತಾನೇ?

ಹಾರೈಕೆಗೆ 3.5 ಸೆಂ.ಮೀ. ಕೊಟ್ಟಿದ್ದೀರಿ. ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ಬರೆದರೆ ಇರುವೆ ಸಾಲಿನಂತೆ ಕಾಣುತ್ತದೆ. ಇಂಗ್ಲಿಷಿನಲ್ಲಾದರೆ ಹಿಡಿಯುತ್ತಿತ್ತು.
— ಪದವಿ ವಿದ್ಯಾರ್ಥಿನಿ, ಕಲಬುರಗಿ

ಈ ಕಂತೆಯಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಇಂಗ್ಲಿಷ್ ಅಕ್ಷರಗಳಿಗಾಗಿ ಹಾಕಿದ ನಕ್ಷೆಗಳಲ್ಲಿ ಮಾತಿಗೆ ಬಿಡುವ ಜಾಗ ಒಂದು ಸಣ್ಣ ಪಟ್ಟಿ. ಕನ್ನಡಕ್ಕೆ ಅದು ಸಾಲುವುದಿಲ್ಲ. ನಮ್ಮ ಅಕ್ಷರ ಮೂರು ಅಂತಸ್ತಿನ ಮನೆ. ಮೇಲೆ ಗುಡಿಸು, ಎತ್ವ. ನಡುವೆ ಅಕ್ಷರ. ಕೆಳಗೆ ಒತ್ತು. ಮೊಳೆ ಜೋಡಿಸುವಾಗ ಒತ್ತು ಹೆಚ್ಚಿರುವ ಸಾಲು ಬಂದರೆ ಕೆಳಗಿನ ಸಾಲಿಗೆ ತಗಲುತ್ತದೆಂದು ನಡುವೆ ಸೀಸದ ಪಟ್ಟಿ ತೂರಿಸುತ್ತಿದ್ದೆವು.

ಈಗ ನಿಮ್ಮ ಮಾತನ್ನೇ ತೆಗೆದುಕೊಳ್ಳಿ. ‘ಹುಟ್ಟುಹಬ್ಬದ’ ಎಂಬಲ್ಲಿ ಐದು ಅಕ್ಷರ, ಎರಡು ಒತ್ತು. ‘ಹಾರ್ದಿಕ’ದಲ್ಲಿ ಅರ್ಕಾವತ್ತು ಬಲಕ್ಕೆ ಒಂದು ಅಕ್ಷರದಷ್ಟೇ ಜಾಗ ತಿನ್ನುತ್ತದೆ. ಆ ಪದ ಇಲ್ಲದಿದ್ದರೆ ಪ್ರೀತಿ ಕಡಿಮೆಯಾದೀತೆಂದು ನನಗನ್ನಿಸುವುದಿಲ್ಲ, ತೆಗೆಯಿರಿ. ‘ಶುಭಾಶಯ’ವನ್ನು ನೋಡಿ. ನಾಲ್ಕು ಅಕ್ಷರ, ಒಂದೇ ಒಂದು ಒತ್ತಿಲ್ಲ. ‘ಯುಗಾದಿಯ’ ಕೂಡ ನಾಲ್ಕೇ, ಒತ್ತಿಲ್ಲ. ಒಂದರ ಕೆಳಗೊಂದು ಬರೆದರೆ ಇಟ್ಟಿಗೆ ಜೋಡಿಸಿದಂತೆ ಕೂರುತ್ತವೆ, ಯು ಮತ್ತು ಶು ಎರಡೂ ಸಾಲಿನ ಮೊದಲಿಗೇ ಬರುತ್ತವೆ. ಯುಗಾದಿಯ ಕಾರ್ಡಿನಷ್ಟು ಸುಲಭದ ಕೆಲಸ ಕನ್ನಡದಲ್ಲಿ ಇನ್ನೊಂದಿಲ್ಲ. ‘ದೀಪಾವಳಿ’ಯಲ್ಲೂ ಒತ್ತಿಲ್ಲ. ‘ಸಂಕ್ರಾಂತಿ’ಯಲ್ಲಿ ಒಂದೇ ಒಂದು. ಹುಟ್ಟುಹಬ್ಬವೇ ತಕರಾರಿನದು. ಅದಕ್ಕೆ ನಕ್ಷೆಯ 4 ಸೆಂ.ಮೀ. ಎತ್ತರವನ್ನು ಪೂರ್ತಿ ಬಳಸಿ. ‘ಹುಟ್ಟುಹಬ್ಬದ’ ಮೇಲಿನ ಸಾಲು, ನಡುವೆ ಒತ್ತುಗಳು ಇಳಿಯಲು ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬಿಡುವು, ಕೆಳಗೆ ‘ಶುಭಾಶಯ’. ಮೊದಲು ರದ್ದಿ ಕಾಗದದ ಮೇಲೆ ಅದೇ ಅಳತೆಯ ಡಬ್ಬಿ ಬರೆದು, ಒತ್ತುಗಳನ್ನು ಮೊದಲು ಬರೆದು ನೋಡಿ, ಆಮೇಲೆ ಮೇಲಿನ ಅಕ್ಷರ ಕೂರಿಸಿ. ವಿಚಿತ್ರವೆನ್ನಿಸುತ್ತದೆ, ಆದರೆ ಒತ್ತು ಎಲ್ಲಿ ತಗಲುತ್ತದೆಂದು ಮೊದಲೇ ಗೊತ್ತಾಗುತ್ತದೆ.

ಇನ್ನೂ ಹಿಡಿಯದಿದ್ದರೆ ಹಾರೈಕೆಯನ್ನು ಒಳಪುಟಕ್ಕೆ ಕಳಿಸಿ, ಹೊರಗೆ ಅವರ ಹೆಸರು ಮಾತ್ರ ಬರೆಯಿರಿ.

ಅಜ್ಜ, ನನಗೆ ಚಿತ್ರ ಬರೆಯಲು ಬರುವುದಿಲ್ಲ. ಅಕ್ಕ ನಗುತ್ತಾಳೆ. ಅಪ್ಪನ ಹುಟ್ಟುಹಬ್ಬಕ್ಕೆ ಕಾರ್ಡ್ ಮಾಡಬೇಕು.
— 11 ವರ್ಷ, ಶಿರಸಿ

ಪುಟ್ಟ, ನನಗೂ ಬರುವುದಿಲ್ಲ. ಮೂವತ್ತು ವರ್ಷ ಪ್ರೆಸ್ಸಿನಲ್ಲಿದ್ದೂ ನಾನು ಬರೆದ ಆನೆ ಎಮ್ಮೆಯಂತಿರುತ್ತದೆ. ನಕ್ಷೆ ಇರುವುದೇ ನಮ್ಮಂಥವರಿಗೆ. ನೀನು ಡಬ್ಬಿ ತುಂಬಿದರೆ ಸಾಕು. ಚೌಕದಷ್ಟು ತೆಳು ಕಾಗದದ ಅಡಿಗೆ ಹಿತ್ತಿಲಿನ ಒಂದು ಎಲೆಯನ್ನು ಬೆನ್ನು ಮೇಲಾಗಿ ಇಟ್ಟು, ಪೆನ್ಸಿಲನ್ನು ಮಲಗಿಸಿ ಉಜ್ಜು. ನರವೆಲ್ಲ ಏಳುತ್ತದೆ. ಹಲಸಿನ ಎಲೆ ಚೆನ್ನಾಗಿ ಬರುತ್ತದೆ. ಮೂರು ವೃತ್ತಗಳಿಗೆ ಒಂದು ರೂಪಾಯಿ, ಎರಡು ರೂಪಾಯಿ, ಐದು ರೂಪಾಯಿ ನಾಣ್ಯ ಇಟ್ಟು ಹಾಗೆಯೇ ಉಜ್ಜಿ, ಕತ್ತರಿಸಿ ಅಂಟಿಸು. ಕಾರ್ಡಿನೊಳಗೆ ‘ಅಪ್ಪ, ಇಷ್ಟು ನನ್ನ ಬಳಿ ಇತ್ತು’ ಎಂದು ಬರೆ. ಅಕ್ಕನಿಗೆ ತೋರಿಸಬೇಡ.

ಕಾರ್ಡಿನ ಮೂರು ವೃತ್ತಗಳಿಗೆ ಅಂಗಿಯ ಗುಂಡಿ ಅಂಟಿಸಿ, ಐದು ರೂಪಾಯಿಯ ಅಂಚೆಚೀಟಿ ಹಚ್ಚಿ ಕಳಿಸಿದೆ. ಅತ್ತಿಗೆ ಅಂಚೆ ಬಾಕಿ ಕಟ್ಟಿ ಬಿಡಿಸಿಕೊಂಡರಂತೆ. ಒಂದು ಗುಂಡಿ ಒಡೆದೂ ಇತ್ತಂತೆ.
— ಮಂಗಳೂರು

ಅತ್ತಿಗೆ ದುಡ್ಡು ಕೊಟ್ಟು ಶುಭಾಶಯ ಪಡೆದರು ಎನ್ನಿ! ಲೆಕ್ಕ ಹೀಗಿದೆ. ಕಾಗದದ ಮೇಲೆ 250 ಜಿಎಸ್ಎಂ ಎಂದು ಬರೆದಿದ್ದರೆ ಒಂದು ಚದರ ಮೀಟರಿಗೆ 250 ಗ್ರಾಂ ತೂಕ ಎಂದರ್ಥ. ನಮ್ಮ ಕಾರ್ಡ್ ಬಿಡಿಸಿದರೆ ಚದರ ಮೀಟರಿನ ಮೂವತ್ತೆರಡನೆಯ ಒಂದು ಪಾಲು. ಅಂದರೆ ಸುಮಾರು 8 ಗ್ರಾಂ. ಲಕೋಟೆಗೆ 3-4 ಗ್ರಾಂ ಹಿಡಿಯಿರಿ. ಸಾಮಾನ್ಯ ಪತ್ರಕ್ಕೆ ಐದು ರೂಪಾಯಿಗೆ ಸಿಗುವ ಮಿತಿ 20 ಗ್ರಾಂ. ಉಳಿದ 8 ಗ್ರಾಂನಲ್ಲಿ ನಿಮ್ಮ ಅಂಟು, ಪಟ್ಟಿ, ಚೌಕ ಎಲ್ಲ ಮುಗಿಯಬೇಕು. ಕಾಗದದಲ್ಲೇ ಮಾಡಿದರೆ ಧಾರಾಳ. ಮೂರು ದಪ್ಪ ಗುಂಡಿ, ಮಣಿ, ಕನ್ನಡಿ ಚೂರು ಎಂದರೆ ತಕ್ಕಡಿ ಕೇಳುವುದಿಲ್ಲ. ಅಂಚೆ ಕಚೇರಿಯಲ್ಲಿ ತೂಗಿಸಿಯೇ ಚೀಟಿ ಹಚ್ಚಿ.

ಗುಂಡಿ ಒಡೆದದ್ದು ಮುದ್ರೆಯ ಏಟಿಗೆ ಇರಬಹುದು. ಅಂಚೆಚೀಟಿ ಹಚ್ಚುವುದು ಲಕೋಟೆಯ ಬಲಮೂಲೆಗೆ, ಮುದ್ರೆ ಬೀಳುವುದೂ ಅಲ್ಲೇ. ಉಬ್ಬಿರುವ ಭಾಗ ಲಕೋಟೆಯ ಎಡಕ್ಕೆ ಬರುವಂತೆ ಕಾರ್ಡನ್ನು ತೂರಿಸಿ. ಲಕೋಟೆ 11.4×16.2 ಸೆಂ.ಮೀ. ಅಳತೆಯದಿರಲಿ, ಅಂಗಡಿಯಲ್ಲಿ ಸಿ6 ಎಂದು ಕೇಳಿ. ಎ4ರ ಕಾಲುಭಾಗದ ಕಾರ್ಡಿಗೆಂದೇ ಮಾಡಿದ ಅಳತೆ ಅದು.

ಮೊಬೈಲಿನಲ್ಲಿ ಒಂದು ಬೆರಳು ಒತ್ತಿದರೆ ಇನ್ನೂರು ಜನರಿಗೆ ಶುಭಾಶಯ ಹೋಗುತ್ತದೆ. ಈ ಕತ್ತರಿ ಕಾಗದದ ಕಾಲಹರಣ ಯಾತಕ್ಕೆ?
— ನಿವೃತ್ತರು, ಮೈಸೂರು

ಸ್ವಾಮಿ, ನಿಮ್ಮ ಪ್ರಶ್ನೆ 50 ಪೈಸೆಯ ಅಂಚೆ ಕಾರ್ಡಿನಲ್ಲಿ, ಹಸಿರು ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ ಬಂದಿದೆ. ಇದನ್ನೇ ನಿಮಗೆ ಉತ್ತರವೆಂದು ಹಿಂದಿರುಗಿಸಬಹುದಿತ್ತು.

ಆದರೂ ನಿಮ್ಮ ಪಕ್ಷಕ್ಕೆ ಬಲ ಕೊಡುವ ಒಂದು ಸಂಗತಿ ಇದೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವರು ಕ್ರಿಸ್‌ಮಸ್ ಹೊತ್ತಿಗೆ ಎಲ್ಲರಿಗೂ ಕಾಗದ ಬರೆಯಲು ಪುರಸೊತ್ತಿಲ್ಲದೆ, ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಒಂದು ಕಾರ್ಡ್ ಬರೆಸಿ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಅದು, ಬೆಲೆ ಒಂದು ಶಿಲ್ಲಿಂಗ್. ಅಂದರೆ ಅಚ್ಚಾದ ಕ್ರಿಸ್‌ಮಸ್ ಕಾರ್ಡ್ ಹುಟ್ಟಿದ್ದೇ ಕೈನೋವು ತಪ್ಪಿಸಿಕೊಳ್ಳಲು, ನಿಮ್ಮ ಬೆರಳೊತ್ತುವಿಕೆಯ ಮುತ್ತಜ್ಜ.

ನನಗೆ ಅದರಲ್ಲಿ ಬೇಕಾದದ್ದು ಬೇರೆ. ಆ ಕಾರ್ಡಿನ ನಕ್ಷೆ ನೋಡಿ. ನಡುವೆ ಒಂದು ಅಗಲವಾದ ಅಂಕಣ, ಅದರಲ್ಲಿ ಹಬ್ಬ ಮಾಡುತ್ತಿರುವ ಕುಟುಂಬ. ಎರಡು ಪಕ್ಕದಲ್ಲಿ ಎರಡು ಕಿರಿದಾದ ಅಂಕಣ. ಒಂದರಲ್ಲಿ ಹಸಿದವರಿಗೆ ಅನ್ನ, ಇನ್ನೊಂದರಲ್ಲಿ ಬಡವರಿಗೆ ಬಟ್ಟೆ. ಅಂಕಣಗಳ ನಡುವೆ ಬಳ್ಳಿ. ಚಿತ್ರಗಳನ್ನೆಲ್ಲ ತೆಗೆದುಹಾಕಿ, ಮೂರು ಡಬ್ಬಿ ಉಳಿಯುತ್ತದೆ. ಮುಂದಿನ ಸಂಚಿಕೆಗೆ ಅದೇ ನಮ್ಮ ನಕ್ಷೆ. ನಡುವಿನ ಡಬ್ಬಿಯಲ್ಲಿ ಎಳ್ಳು ಬೆಲ್ಲದ ತಟ್ಟೆ ಇಡುತ್ತೀರೋ, ಕಬ್ಬಿನ ಜಲ್ಲೆ ಇಡುತ್ತೀರೋ ನಿಮಗೆ ಬಿಟ್ಟದ್ದು. ಒಂದನ್ನು ಮಾಡಿ ಹಸಿರು ಶಾಯಿಯಲ್ಲೇ ಸಹಿ ಹಾಕಿ ನನಗೆ ಕಳಿಸಿ, ಸ್ವಾಮಿ.

ನಿಮ್ಮ ನಕ್ಷೆಯಲ್ಲಿ ಎಡ ಅಂಚು 1, ಚೌಕ 5, ಬರಹ 3.5, ಬಲ ಅಂಚು ಅರ್ಧ. ಕೂಡಿದರೆ 10. ಕಾರ್ಡಿನ ಅಗಲ 10.5. ಉಳಿದ ಅರ್ಧ ಸೆಂಟಿಮೀಟರ್ ಎಲ್ಲಿ?
— ಗಣಿತದ ಉಪನ್ಯಾಸಕರು, ದಾವಣಗೆರೆ

ನಮ್ಮೂರಿನವರೇ ಹಿಡಿದುಬಿಟ್ಟಿರಿ. ಚೌಕಕ್ಕೂ ಬರಹಕ್ಕೂ ನಡುವೆ ಬಿಡಬೇಕಾದ ಅರ್ಧ ಸೆಂಟಿಮೀಟರನ್ನು ಬರೆಯಲು ಮರೆತಿದ್ದೇನೆ. ಅದಿಲ್ಲದೆ ಬರೆದವರ ‘ಶು’ ಗಣಪತಿಯ ಕಿವಿಗೆ ತಾಗಿರುತ್ತದೆ. ಈಗಾಗಲೇ ಹಾಗೆ ಮಾಡಿದವರು ಚೌಕವನ್ನು ಎಡಕ್ಕೆ ಅರ್ಧ ಸೆಂಟಿಮೀಟರ್ ಸರಿಸಿ, ಅಂಟು ಇನ್ನೂ ಒಣಗದಿದ್ದರೆ.